ಮನೆಗೆ ಗಿರಾಕಿ, ಚಿಕ್ಕಮ್ಮನಿಗೆ ಗಂಡು

ಮನೆ ಮಾರಲು ಹೊರಟವರಿಗೆ ನನ್ನ ಮೊದಲ ಸಲಹೆ ಇದು: ನೋಡಲು ಬಂದವರಿಗೆ ಕಾಫಿ ಕೊಡಬೇಡಿ. ನೀರು ಕೇಳಿದರೆ ಬಾವಿಯಿಂದ ಸೇದಿ ಕೊಡಿ, ನೀರಿನ ರುಚಿಯಾದರೂ ಗೊತ್ತಾಗಲಿ. ಕಾಫಿ ಕೊಟ್ಟಿರೋ, ಕೂತುಬಿಡುತ್ತಾರೆ. ಕೂತ ಮೇಲೆ ಗೋಡೆ, ಮಾಡು, ಬಚ್ಚಲು ಎಲ್ಲ ಮರೆತುಹೋಗಿ ನಿಮ್ಮ ಮನೆತನದ ತಪಾಸಣೆ ಶುರುವಾಗುತ್ತದೆ. ಯಾರು ಇದ್ದರು, ಯಾಕೆ ಇದ್ದರು, ಹೇಗೆ ಸತ್ತರು. ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ಅರ್ಧ ಆಯುಷ್ಯ ಜನರ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುತ್ತಾ ಬಂದವಳು. ಯಾರ ಹತ್ತಿರವೂ ಅಷ್ಟು ಪ್ರಶ್ನೆ ಕೇಳಿದವಳಲ್ಲ.

ಮನೆ ನನ್ನ ಚಿಕ್ಕಮ್ಮನದ್ದು. ಅಮ್ಮನ ತಂಗಿ. ಕಾಪುವಿನಿಂದ ಇನ್ನಂಜೆಯ ಕಡೆಗೆ ಹೋಗುವಾಗ, ಗದ್ದೆಯ ಬದಿಗೆ, ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಎರಡು ಕೋಣೆ, ಒಂದು ಚಾವಡಿ. ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು ಸಂಬಳ ಉಳಿಸಿ, ಕಲ್ಲಿನ ಲೋಡು ಬಂದಾಗಲೆಲ್ಲ ಶಾಲೆಗೆ ರಜೆ ಹಾಕಿ, ಒಡಕು ಕಲ್ಲುಗಳನ್ನು ಲಾರಿಯಲ್ಲೇ ವಾಪಸು ಕಳಿಸಿ ಕಟ್ಟಿಸಿದ ಮನೆ. ಆ ಕಾಲದಲ್ಲಿ ಒಬ್ಬಳೇ ಹೆಂಗಸು ಮನೆ ಕಟ್ಟಿಸುತ್ತಾಳೆ ಎಂದರೆ ಮೇಸ್ತ್ರಿ ಕೂಡ ಗಂಡಸರು ಯಾರು ಬರುತ್ತಾರೆ ಎಂದು ಕೇಳುತ್ತಿದ್ದನಂತೆ. ಗಂಡಸರು ಬಂದರೆ ಗೋಡೆ ನೆಟ್ಟಗೆ ಬರ್ತದಾ ಎಂದು ಚಿಕ್ಕಮ್ಮ ಕೇಳಿದ್ದರಂತೆ.

ಅವರಿಗೆ ಮದುವೆ ಆಗಲಿಲ್ಲ ಎಂದು ಊರು ಹೇಳುತ್ತದೆ. ಊರಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅವರು ಮದುವೆ ಬೇಡ ಅಂದರು. ನನಗೆ ಏಳೋ ಎಂಟೋ ವರ್ಷವಿದ್ದಾಗ ಕಾರ್ಕಳದ ಅಜ್ಜಿಮನೆಗೆ ಅವರನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಚಿಕ್ಕಮ್ಮ ತಾವೇ ತಟ್ಟೆ ಹಿಡಿದುಕೊಂಡು ಚಾವಡಿಗೆ ಬಂದು, ಎಲ್ಲರ ಮುಂದೆ ತಿಂಡಿ ಇಟ್ಟು, ಹುಡುಗನ ತಂದೆಗೆ ಹೇಳಿದರು:

"ನಿಮ್ಮ ಹುಡುಗನಲ್ಲಿ ಎಂತದೂ ಕಡಿಮೆ ಇಲ್ಲ. ನನಗೆ ಮದುವೆ ಬೇಡ. ನೀವು ತಿಂಡಿ ತಿಂದೇ ಹೋಗಬೇಕು."

ಅದಕ್ಕೆ ಮೊದಲೂ ಎರಡು ಸಂಬಂಧಗಳನ್ನು ಹೀಗೆಯೇ ಕಳಿಸಿದ್ದರು. ಅಜ್ಜಿ ಅಡುಗೆಮನೆಯಲ್ಲಿ ಅತ್ತದ್ದು ನೆನಪಿದೆ. ಬಂದವರು ನಿಜವಾಗಿ ತಿಂಡಿ ತಿಂದು ಹೋದದ್ದೂ ನೆನಪಿದೆ. ದೊಡ್ಡವಳಾದ ಮೇಲೆ ನಾನು ಕಾರಣ ಕೇಳಿದೆ. ಯಾವುದೋ ಮುರಿದ ಪ್ರೇಮ, ಯಾರೋ ಕೊಟ್ಟ ಮಾತು ಇರಬಹುದು ಎಂದು ನನಗೂ ಆಸೆ ಇತ್ತು. ಅವರು ಹುರುಳಿ ಆರಿಸುತ್ತಾ ಕೂತಿದ್ದವರು ತಲೆ ಎತ್ತದೆ, "ಒಬ್ಬಳೇ ಮಲಗಿದರೆ ನನಗೆ ಒಳ್ಳೆ ನಿದ್ದೆ ಬರ್ತದೆ ಮಾರಾಯ್ತಿ" ಎಂದರು. ಅಷ್ಟೇ.

ನಾನೂ ಮದುವೆಯಾಗಿಲ್ಲ. ನನ್ನದು ಅವರಷ್ಟು ಗಟ್ಟಿ ತೀರ್ಮಾನವೇನಲ್ಲ. ಸಂಬಂಧಗಳು ಬಂದವು, ಕೆಲವಕ್ಕೆ ನಾನು ಬೇಡವಾದೆ, ಕೆಲವು ನನಗೆ ಬೇಡವಾದವು, ಆಮೇಲೆ ಬರುವುದೇ ನಿಂತಿತು. ಭಾನುವಾರ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಹೋಗುವುದು, ಇಬ್ಬರೂ ಮೀನು ಕೊಚ್ಚಿ ಸಾರು ಮಾಡಿ ಉಂಡು, ಬೇರೆ ಬೇರೆ ಕೋಣೆಯಲ್ಲಿ ನಿದ್ದೆ ಹೋಗುವುದು, ಸಂಜೆ ಬೈಸಿಕೊಂಡು ಹೊರಡುವುದು. ನನಗೆ ಅದು ಸಾಕಾಗಿತ್ತು.

ಎಪ್ಪತ್ತು ದಾಟಿ, ಒಂದು ಬೆಳಿಗ್ಗೆ ಮಲಗಿದಲ್ಲೇ ಅವರು ಹೋದರು. ಮನೆಯನ್ನು ನನ್ನ ಹೆಸರಿಗೆ ವಿಲ್ ಬರೆದು ನೋಂದಣಿ ಮಾಡಿಸಿಟ್ಟಿದ್ದರು. ಬಾಯಲ್ಲೂ ಎಷ್ಟೋ ಸಲ ಹೇಳಿದ್ದರು: "ನನ್ನ ನಂತರ ಬೀಗ ಹಾಕಿ ಇಡಬೇಡ. ಗೆದ್ದಲು ಹಿಡಿಯುತ್ತದೆ. ಮಾರಿ ಮಣಿಪಾಲದಲ್ಲಿ ನಿನಗೊಂದು ಫ್ಲ್ಯಾಟ್ ತಗೊ. ಬಾಡಿಗೆ ಮನೆಯಲ್ಲಿ ಮುದುಕಿ ಆಗಬೇಡ." ನಾನು ಬಾಡಿಗೆಗಿದ್ದ ಫ್ಲ್ಯಾಟಿನ ಮಾಲೀಕರೂ ಅದೇ ಹೊತ್ತಿಗೆ, ಮಾರುವ ಯೋಚನೆ ಇದೆ, ನೀವು ತೆಗೆದುಕೊಳ್ಳುವುದಾದರೆ ದೀಪಾವಳಿಯವರೆಗೆ ಕಾಯುತ್ತೇನೆ, ಮತ್ತೆ ಬೇರೆಯವರಿಗೆ ಕೊಡುತ್ತೇನೆ ಎಂದರು. ಹಾಗಾಗಿ ಮಾರುವುದರಲ್ಲಿ ನನಗೆ ದುಃಖವೂ ಇರಲಿಲ್ಲ, ಅನುಮಾನವೂ ಇರಲಿಲ್ಲ.

ಕಾಗದಪತ್ರದ ವಿಷಯವನ್ನು ಮಾತ್ರ ಸಿಟ್ಟಿಲ್ಲದೆ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನನಗೆ ತೊಂದರೆಯಾಗಲಿಲ್ಲ. ಆರ್‌ಟಿಸಿ, ಕನ್ವರ್ಷನ್ ಆದೇಶ, ಜಾಗದ ನಕ್ಷೆ, ಪಂಚಾಯತಿನ ತೆರಿಗೆ ರಶೀದಿ ಎಲ್ಲವೂ ನಿಮ್ಮ ಹೆಸರಿಗೆ ಬಂದ ಮೇಲೆಯೇ ಮನೆ ಮಾರಲಿಕ್ಕಿದೆ ಎಂದು ಬಾಯಿ ಬಿಡಿ. ಅಣ್ಣ ತಮ್ಮಂದಿರು ಸಹಿ ಹಾಕಬೇಕಿದ್ದರೆ ಅವರು ಒಳ್ಳೆಯ ಮನಸ್ಸಿನಲ್ಲಿರುವಾಗಲೇ ಹಾಕಿಸಿಕೊಳ್ಳಿ. ನನಗಿರುವುದು ಒಬ್ಬನೇ ಅಣ್ಣ, ಉಡುಪಿಯಲ್ಲಿ ಅಂಗಡಿ ಇಟ್ಟುಕೊಂಡವನು. ಒಂದು ಮಾತು ಆಡದೆ, ಕೇಳಿದಲ್ಲೆಲ್ಲ ಸಹಿ ಹಾಕಿದ. ಮುಂದೆ ಅವನನ್ನು ಬೈಯಲಿಕ್ಕಿದೆಯಾದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನು ಬ್ರೋಕರ್. ಆ ಮನುಷ್ಯನಿಗೆ ಬ್ರೋಕರ್ ಎಂದರೆ ಮುಖ ಊದಿಕೊಳ್ಳುತ್ತಿತ್ತು, ಕನ್ಸಲ್ಟೆಂಟ್ ಎನ್ನಬೇಕು. ಅವನು ತೆಗೆದ ಫೋಟೋದಲ್ಲಿ ಚಿಕ್ಕಮ್ಮನ ಚಾವಡಿ ಮದುವೆ ಹಾಲಿನಷ್ಟು ದೊಡ್ಡದು ಕಾಣುತ್ತಿತ್ತು. ಸಮುದ್ರ ಮನೆಯಿಂದ ಎಷ್ಟೋ ದೂರ, ಆದರೂ ಸಮುದ್ರದ ಗಾಳಿ ಉಂಟು ಎಂದು ಎಲ್ಲರಿಗೂ ಹೇಳುತ್ತಿದ್ದ. ಮಾರುವವರಿಂದಲೂ ಕೊಳ್ಳುವವರಿಂದಲೂ ಕಮಿಷನ್ ತೆಗೆದುಕೊಳ್ಳುವವನು ಯಾರ ಪರವಾಗಿ ಮಾತಾಡುತ್ತಾನೆ ಎಂದು ಕೇಳಬೇಡಿ. ಅವನು ಕಮಿಷನ್ನಿನ ಪರ.

ಬಂದವರೋ! ಒಬ್ಬರು ಗೋಡೆಗೆ ಕಿವಿ ಇಟ್ಟು ಬೆರಳಲ್ಲಿ ಬಡಿದು ನೋಡಿದರು. ಇನ್ನೊಬ್ಬರು ಮುಂಬಯಿಯಲ್ಲಿ ಹೋಟೆಲ್ ಇದ್ದವರು, ಗೇಟು ದಾಟುವ ಮೊದಲೇ ದರ ಇಳಿಸಿ ಎಂದರು, ಒಳಗೆ ಬರಲೇ ಇಲ್ಲ. ಇನ್ನೊಬ್ಬರ ಹೆಂಡತಿ ನನ್ನ ಕಣ್ಣೆದುರೇ ಚಿಕ್ಕಮ್ಮನ ಕಪಾಟಿನ ಬಾಗಿಲು ತೆರೆದು ಸೀರೆ ಮುಟ್ಟಿ ನೋಡಿದರು. ಎಲ್ಲರೂ ಕೊನೆಗೆ ಕೇಳುವುದು ಒಂದೇ.

"ಇಲ್ಲಿ ಯಾರು ಇದ್ದದ್ದು?"

"ನನ್ನ ಚಿಕ್ಕಮ್ಮ."

"ಮತ್ತೆ?"

"ಮತ್ತೆ ಯಾರೂ ಇಲ್ಲ."

ಆಗ ಅವರು ಮಾಡಿನ ಕಡೆ ನೋಡುತ್ತಿದ್ದರು. ಅಲ್ಲಿ ಏನು ನೇತಾಡುತ್ತಿದೆ ಎಂದುಕೊಂಡರೋ ದೇವರಿಗೇ ಗೊತ್ತು.

ಮಳೆಗಾಲಕ್ಕೆ ಸ್ವಲ್ಪ ಮೊದಲು ಒಂದು ಸಂಸಾರ ಬಂತು. ಗಂಡ ದುಬೈಯಲ್ಲಿ ಕೆಲಸದಲ್ಲಿದ್ದವನು, ರಜೆಯಲ್ಲಿ ಬಂದಿದ್ದ. ಜೊತೆಗೆ ಹೆಂಡತಿ, ಹೆಂಡತಿಯ ತಾಯಿ. ತಾಯಿ ಅಜೆಕಾರಿನವರು, ತೀರ್ಮಾನವೆಲ್ಲ ಅವರದ್ದೇ ಎಂದು ನೋಡಿದ ಕೂಡಲೇ ಗೊತ್ತಾಗುವಂತಿತ್ತು. ಅವರು ಬಾವಿ ನೋಡಿದರು, ಅಡುಗೆಮನೆಯ ಗಾಳಿ ನೋಡಿದರು, ಗದ್ದೆಯ ಕಡೆಯ ಕಿಟಕಿ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನನಗೆ ಸಂತೋಷವಾಯಿತು. ಚಿಕ್ಕಮ್ಮ ನಿಲ್ಲುತ್ತಿದ್ದ ಕಿಟಕಿ ಅದು. ದರ ಕುದುರಿತು, ಅಡ್ವಾನ್ಸ್ ಕೊಟ್ಟರು, ಕರಾರು ಪತ್ರವಾಯಿತು, ಚೌತಿ ಕಳೆದ ಮೇಲೆ ರಿಜಿಸ್ಟ್ರೇಷನ್ ಎಂದು ಮಾತಾಯಿತು. ಖುಷಿಯಲ್ಲಿ ನಾನು ಕಾಫಿ ಮಾಡಿದೆ.

ಅಜೆಕಾರಿನ ಹೆಂಗಸು ಲೋಟ ಹಿಡಿದುಕೊಂಡು ಕೇಳಿದರು. "ಚಿಕ್ಕಮ್ಮ ತೀರಿಕೊಂಡದ್ದು ಎಲ್ಲಿ? ಆಸ್ಪತ್ರೆಯಲ್ಲಾ?"

"ಇಲ್ಲೇ. ಆ ಕೋಣೆಯಲ್ಲಿ. ಮಲಗಿದಲ್ಲೇ ಹೋದದ್ದು."

ಹೆಮ್ಮೆಯಿಂದಲೇ ಹೇಳಿದೆ. ಅಂಥ ಸಾವು ಯಾರಿಗೆ ಬೇಡ? ಅವರು, "ಮದುವೆ ಆಗದೆ ಹೋದರಾ" ಎಂದು ಉದ್ದಕ್ಕೆ ಉಸಿರು ಬಿಟ್ಟು, ಲೋಟದಲ್ಲಿ ಅರ್ಧ ಕಾಫಿ ಹಾಗೇ ಬಿಟ್ಟು ಎದ್ದರು.

ನಮ್ಮಲ್ಲಿ ಮನೆ ಕೊಳ್ಳುವವರು ಲಾಯರಿಗೆ ಕಾಗದ ತೋರಿಸುತ್ತಾರೆ, ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಲಾಯರು ಜಾಗದ ಸಾಲ ನೋಡಿದರೆ ಜೋಯಿಸರು ಕವಡೆ ಹರಡಿ ಜಾಗದಲ್ಲಿ ಉಳಿದುಕೊಂಡವರನ್ನು ನೋಡುತ್ತಾರೆ. ಅದರಲ್ಲಿ ಹೊಸದೇನಿಲ್ಲ. ನನ್ನ ಅಪ್ಪ ಹಳೆಯ ಸ್ಕೂಟರ್ ಕೊಳ್ಳುವಾಗಲೂ ಪ್ರಶ್ನೆ ಇಡಿಸಿದವರು. ಮಳೆ ಹಿಡಿದ ಮೇಲೆ ಒಂದು ದಿನ ಬ್ರೋಕರ್ ಫೋನು ಮಾಡಿ, "ಮೇಡಂ, ಒಂದು ಸಣ್ಣ ವಿಷಯ ಉಂಟು, ಮನೆಗೇ ಬರ್ತೀರಾ?" ಎಂದ. ನಾನು ಹೋದೆ. ಅವನು ಚಾವಡಿಯಲ್ಲಿ ಕೊಡೆ ಮಡಚಿ ಕೂತ.

"ಪ್ರಶ್ನೆಯಲ್ಲಿ ಬಂದಿದೆ ಮೇಡಂ. ಮನೆಯಲ್ಲಿ ಒಂದು ಹೆಣ್ಣು ಪ್ರೇತ ಉಂಟಂತೆ. ಮದುವೆ ಆಗದೆ ಹೋದದ್ದು. ಆಸೆ ತೀರಿಲ್ಲ ಅದಕ್ಕೆ. ಹೊಸ ಸಂಸಾರ ಬಂದರೆ ಬಿಡುದಿಲ್ಲ ಅಂತೆ."

ನನಗೆ ಮೊದಲು ಅವನು ಯಾರ ಬಗ್ಗೆ ಹೇಳುತ್ತಿದ್ದಾನೆ ಎಂದೇ ತಿಳಿಯಲಿಲ್ಲ. ಊರಿಡೀ ಟೀಚರ್ ಎಂದು ಕರೆದ ಹೆಂಗಸು, ಎರಡು ತಲೆಮಾರಿಗೆ ಮಗ್ಗಿ ಬಾಯಿಪಾಠ ಮಾಡಿಸಿದವರು, ಸತ್ತು ವರ್ಷ ತುಂಬುವ ಮೊದಲೇ "ಅದು" ಆಗಿಬಿಟ್ಟಿದ್ದರು.

"ಎಂತ ಮಾಡಬೇಕಂತೆ ಈಗ?"

"ಎರಡೇ ದಾರಿ ಮೇಡಂ. ಒಂದು, ನೀವು ದರ ಒಳ್ಳೆ ಹಾಗೆ ಇಳಿಸಬೇಕು, ದೋಷ ಪರಿಹಾರ ಅವರು ನೋಡಿಕೊಳ್ತಾರೆ. ಇಲ್ಲದಿದ್ದರೆ ನೀವೇ ಅದಕ್ಕೊಂದು ಮದುವೆ ಮಾಡಿಸಿ ಕೊಡಿ. ಗಂಡು ಉಂಟು."

ಪ್ರೇತ ಮದುವೆ ಗೊತ್ತಿಲ್ಲದವರಿಗೆ ಹೇಳಬೇಕು. ಮದುವೆಯಾಗದೆ ಸತ್ತ ಮಕ್ಕಳಿಗೆ, ಬದುಕಿದ್ದರೆ ಈಗ ಪ್ರಾಯಕ್ಕೆ ಬರುತ್ತಿದ್ದರು ಎನ್ನುವ ಹೊತ್ತಿಗೆ, ಹಾಗೆಯೇ ಸತ್ತ ಇನ್ನೊಂದು ಮನೆಯ ಮಗುವಿನ ಜೊತೆ ಸಂಬಂಧ ಹುಡುಕಿ ಮದುವೆ ಮಾಡುತ್ತಾರೆ. ನಿಶ್ಚಯ ಉಂಟು, ಧಾರೆ ಸೀರೆ ಉಂಟು, ಊಟ ಉಂಟು, ಜಗಳವೂ ಉಂಟು. ಬದುಕಿದವರಿಗೆ ಶುಭಕಾರ್ಯವಿಲ್ಲದ ಆಟಿ ತಿಂಗಳಲ್ಲಿ ಇವು ನಡೆಯುತ್ತವೆ. ನಾನು ಇದನ್ನು ನೋಡಿ ನಗುವವಳಲ್ಲ. ನಮ್ಮ ನೆರೆಮನೆಯಲ್ಲಿ, ಮಗಳನ್ನು ಹಾಲುಹಲ್ಲಿನಲ್ಲೇ ಕಳೆದುಕೊಂಡ ತಾಯಿಯೊಬ್ಬರು ಇಂಥ ಮದುವೆ ಮುಗಿಸಿ ಬಂದ ದಿನ ಎಷ್ಟೋ ವರ್ಷಗಳ ಮೇಲೆ ತಲೆಗೆ ಹೂ ಮುಡಿದದ್ದನ್ನು ನಾನೇ ಕಂಡಿದ್ದೇನೆ. ಅದು ಅವರ ಸಂಕಟದ ವಿಷಯ. ಆದರೆ ಮೂರು ಸಲ ಬಾಯಿಬಿಟ್ಟು ಬೇಡ ಎಂದು, ಸ್ವಂತ ಮನೆ ಕಟ್ಟಿ, ಎಪ್ಪತ್ತು ದಾಟಿ ನಿದ್ದೆಯಲ್ಲಿ ಹೋದ ಹೆಂಗಸಿಗೆ, ಒಂದು ರಿಜಿಸ್ಟ್ರೇಷನ್ ಆಗಲಿ ಎಂದು ಗಂಡೊಂದನ್ನು ಗಂಟು ಹಾಕುವುದೇ?

"ಗಂಡು ಎಲ್ಲಿಯವನು?" ಎಂದೆ. ಕೇಳಬಾರದಿತ್ತು, ಬಾಯಿಗೆ ಬಂತು.

ಅವನು ಖುಷಿಯಾದ. "ಹೆಬ್ರಿ ಕಡೆ. ಒಳ್ಳೆ ಮನೆತನ. ನನಗೆ ಜಾಗದ ವ್ಯವಹಾರದಲ್ಲಿ ಪರಿಚಯ. ಹುಡುಗ ಸಣ್ಣದಿರುವಾಗಲೇ ಹೋದದ್ದು, ಜ್ವರದಲ್ಲಿ. ಅವನ ತಾಯಿ ಹೆಣ್ಣು ಹುಡುಕ್ತಾ ಇದ್ದಾರೆ, ಸರಿಯಾದದ್ದು ಸಿಕ್ಕಲಿಲ್ಲ ಅವರಿಗೆ."

"ಚಿಕ್ಕಮ್ಮ ಅವನ ಅಜ್ಜಿಯ ಪ್ರಾಯದವರು."

"ಅಲ್ಲಿ ಪ್ರಾಯ ಎಂತದು ಮೇಡಂ!"

ಕೊಡೆ ತೆಗೆದು ಅವನ ಕೈಗೆ ಕೊಟ್ಟು, ಮೆಟ್ಟಿಲು ಇಳಿಯುವವರೆಗೆ ನಿಂತು ನೋಡಿದೆ. ದರವೂ ಇಳಿಸುವುದಿಲ್ಲ, ಮದುವೆಯೂ ಇಲ್ಲ ಎಂದು ಮಳೆಯಲ್ಲೇ ಕೂಗಿ ಹೇಳಿದೆ. ಆಚೆ ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು.

ನನ್ನಲ್ಲಿ ನಡೆಯಲಿಲ್ಲವಾದರೆ ಎಲ್ಲಿ ನಡೆಯುತ್ತದೆ ಎಂಬುದು ಬ್ರೋಕರಿಗೆ ಗೊತ್ತಿತ್ತು. ಸೀದಾ ಅಣ್ಣನ ಅಂಗಡಿಗೆ ಹೋದ. ನಾಲ್ಕು ದಿನ ಬಿಟ್ಟು ಅಣ್ಣ ಒಂದು ಹಲಸಿನಹಣ್ಣು ಹೊತ್ತುಕೊಂಡು ನನ್ನ ಫ್ಲ್ಯಾಟಿಗೆ ಬಂದ. ಅಣ್ಣ ಹಣ್ಣು ತಂದ ಎಂದರೆ ನಾನು ಒಪ್ಪದ ವಿಷಯ ಯಾವುದೋ ತೀರ್ಮಾನವಾಗಿದೆ ಎಂದೇ ಅರ್ಥ.

"ನಿನಗೆ ಎಂತ ನಷ್ಟ ಅದರಲ್ಲಿ?" ಎಂದ. "ಅರ್ಧ ದಿನದ ಕೆಲಸ. ಖರ್ಚು ನಾನು ಹಾಕ್ತೇನೆ. ಮನೆಯೂ ಹೋಗ್ತದೆ, ದರವೂ ಸಿಗ್ತದೆ. ದೀಪಾವಳಿ ಒಳಗೆ ಮಾರದಿದ್ದರೆ ಈ ಫ್ಲ್ಯಾಟ್ ಬೇರೆಯವರ ಪಾಲು. ಮತ್ತೆ ಎಲ್ಲಿಗೆ ಹೋಗ್ತಿ ನೀನು?"

"ಚಿಕ್ಕಮ್ಮ ಬೇಡ ಅಂದದ್ದು ನಿನಗೆ ಗೊತ್ತಿಲ್ವಾ?"

"ಅದು ಬದುಕಿದ್ದಾಗ."

"ಸತ್ತ ಮೇಲೆ ಮನಸ್ಸು ಬದಲಾಯಿಸಿದರು ಅಂತ ಯಾರು ಹೇಳಿದ್ದು?"

"ಪ್ರಶ್ನೆಯಲ್ಲಿ ಬಂದಿದೆಯಲ್ಲ."

"ಅಜೆಕಾರಿನವರ ಪ್ರಶ್ನೆಯಲ್ಲಿ ಬರುವವರು ನನಗೊಂದು ಮಾತು ಹೇಳುತ್ತಿರಲಿಲ್ವಾ? ಭಾನುವಾರ ಬಸ್ಸು ತಪ್ಪಿದರೆ ಹತ್ತು ಸಲ ಫೋನು ಮಾಡುತ್ತಿದ್ದವರು."

ಅಣ್ಣ ನಗಲಿಲ್ಲ. ಅವನು ಹೆದರಿದ್ದ, ಅದು ನನಗೆ ಕಂಡಿತು. ಅವನದ್ದು ದುಡ್ಡಿನ ಆಸೆಯಲ್ಲ. ಒಂದು ವೇಳೆ ಹೌದಾಗಿದ್ದರೆ, ಚಿಕ್ಕಮ್ಮ ಹೊರಗೆ ಮಳೆಯಲ್ಲಿ ನಿಂತಿದ್ದರೆ ಎಂದು ಅವನಿಗೆ. ಆ ಹೆದರಿಕೆಗೆ ಕರುಣೆ ತೋರಿಸಬಹುದಿತ್ತು. ನಾನು ತೋರಿಸಲಿಲ್ಲ, ಬಾಯಿಗೆ ಬಂದ ಹಾಗೆ ಬೈದೆ. ಅವನು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ:

"ಬರುವ ಭಾನುವಾರ ಹೆಬ್ರಿಯಲ್ಲಿ ಇಟ್ಟುಕೊಂಡಿದ್ದೇವೆ. ಹೆಣ್ಣಿನ ಕಡೆಯಿಂದ ನಾನು ಕೂರ್ತೇನೆ. ನೀನು ಬರುದು ಬೇಡ. ಹೇಗೂ ಮದುವೆ ಆಗದವರು ಅದನ್ನು ನೋಡ್ಲಿಕ್ಕಿಲ್ಲ."

ಅದೂ ನಿಜವೇ. ಮಕ್ಕಳು ಮತ್ತು ಮದುವೆಯಾಗದವರು ಪ್ರೇತ ಮದುವೆಯಲ್ಲಿ ಇರಬಾರದು ಎಂಬ ಕಟ್ಟಳೆ ಇದೆ. ಕಟ್ಟಳೆ ಇದ್ದರೆ ನಾನು ಮನೆಯಲ್ಲೇ ಇರುತ್ತೇನೆ ಎಂದುಕೊಂಡು ಅಣ್ಣ ದಿನವನ್ನೂ ಊರನ್ನೂ ಬಾಯಿಬಿಟ್ಟು ಹೇಳಿದ. ಅವನು ಹೋದ ಮೇಲೆ ಆ ಹಲಸಿನಹಣ್ಣನ್ನು ಹಾಗೆಯೇ ಕೆಳಗಿನ ಮನೆಯವರಿಗೆ ಕೊಟ್ಟೆ. ಒಂದು ತೊಳೆಯೂ ತಿನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಹೆಬ್ರಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪೂರ್ತಿ ದಾರಿ ಯಾರಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಬ್ರೋಕರಿಗೆ ಒಂದು ಪಾಲು, ಅಣ್ಣನಿಗೆ ಒಂದು ಪಾಲು, ಗಂಡಿನ ಮನೆಯವರಿಗೂ ಒಂದು ಪಾಲು ಇಟ್ಟುಕೊಂಡಿದ್ದೆ. ಇಳಿದು ರಿಕ್ಷಾದವನಿಗೆ ಮದುವೆ ಮನೆ ಎಂದೆ. ಆಟಿಯಲ್ಲಿ ಎಂಥ ಮದುವೆ ಎಂದು ಅವನು ಕೇಳಲೇ ಇಲ್ಲ, ಸುಮ್ಮನೆ ಕರೆದುಕೊಂಡು ಹೋಗಿ ಬಿಟ್ಟ.

ಅಂಗಳಕ್ಕೆ ಶೀಟು ಹಾಸಿದ ಚಪ್ಪರ. ಹಿಂದಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು. ಚಾವಡಿಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಹೊಸ ಪಂಚೆ, ಶರ್ಟು, ಇನ್ನೊಂದರ ಮೇಲೆ ಹಸಿರು ರೇಷ್ಮೆ ಸೀರೆ, ಬಳೆ, ಮಲ್ಲಿಗೆ. ಚಿಕ್ಕಮ್ಮ ಜೀವಮಾನದಲ್ಲಿ ಹಸಿರು ಉಟ್ಟವರಲ್ಲ. ಅಣ್ಣ ಬಿಳಿ ಪಂಚೆಯಲ್ಲಿ ಹೆಣ್ಣಿನ ಹಿರಿಯನಾಗಿ ಕೂತಿದ್ದ. ಅಜೆಕಾರಿನ ಹೆಂಗಸು ದೋಷ ನಿಜವಾಗಿ ಹೋಯಿತೇ ಎಂದು ಕಣ್ಣಾರೆ ನೋಡಲು ಬಂದು ಎದುರಿನ ಸಾಲಿನಲ್ಲಿ ಕೂತಿದ್ದರು. ಬ್ರೋಕರ್ ಮೆಟ್ಟಿಲ ಮೇಲೆ ಫೋನಿನಲ್ಲಿ ಯಾರಿಗೋ ಇನ್ನೊಂದು ಜಾಗ ಮಾರುತ್ತಿದ್ದ.

ಬಾಗಿಲಲ್ಲಿ ಒಬ್ಬರು ತಡೆದರು. "ನಿಮಗೆ ಮದುವೆ ಆಗಿದೆಯಾ?"

"ಇಲ್ಲ."

"ಹಾಗಾದರೆ ಒಳಗೆ ಬರ್ಲಿಕ್ಕಿಲ್ಲ ಅಮ್ಮ. ತಪ್ಪು ತಿಳೀಬೇಡಿ."

"ಮದುಮಗಳಿಗೂ ಆಗಿಲ್ಲ. ಅವರನ್ನು ಮಾತ್ರ ಕರೆದಿದ್ದೀರಿ" ಎಂದು ದಾಟಿ ಒಳಗೆ ಹೋದೆ. ಅಣ್ಣ ಎದ್ದು ನಿಂತ. ನಾನು ಅವನನ್ನು ನೋಡದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಈ ಮದುವೆಗೆ ಹೆಣ್ಣಿನ ಒಪ್ಪಿಗೆ ಇಲ್ಲ."

ಯಾರೋ ನನ್ನ ರಟ್ಟೆ ಹಿಡಿದರು. ಅಷ್ಟರಲ್ಲಿ ಒಳಗಿನಿಂದ ಒಬ್ಬರು ಸಣ್ಣ ದೇಹದ ಹೆಂಗಸು ಬಂದರು, ಕೈಯಲ್ಲಿ ಅರಸಿನ ಕುಂಕುಮದ ಹರಿವಾಣ. ಅವರನ್ನು ಕಂಡು ಹಿಡಿದವರು ಕೈ ಬಿಟ್ಟರು. ಹುಡುಗನ ತಾಯಿ. ಅವರಿಗೆಂದು ಇಟ್ಟುಕೊಂಡಿದ್ದ ಬೈಗುಳದ ಪಾಲು ನನ್ನ ಗಂಟಲಲ್ಲೇ ಉಳಿಯಿತು. ಮಗನ ಮದುವೆಗೆಂದು ಅವರು ಹೊಸ ಸೀರೆ ಉಟ್ಟಿದ್ದರು, ಅದರ ಅಂಚಿನ ಲೇಬಲ್ ಕೀಳಲು ಮರೆತಿದ್ದರು.

"ನೀವು ಯಾರಮ್ಮ?"

"ಹೆಣ್ಣಿನ ಅಕ್ಕನ ಮಗಳು."

ಅವರು ನನ್ನ ತಲೆಯ ಬಿಳಿಕೂದಲನ್ನು ನೋಡಿದರು. ಲೆಕ್ಕ ಸೇರಲಿಲ್ಲ ಎಂದು ಮುಖದಲ್ಲೇ ಗೊತ್ತಾಯಿತು. "ಹುಡುಗಿ ಇಪ್ಪತ್ತೆರಡಕ್ಕೆ ಹೋದದ್ದು ಅಂದಿದ್ದರು. ಕಾಮಾಲೆಯಲ್ಲಿ."

"ಯಾರು ಹೇಳಿದ್ದು?"

ಎಲ್ಲರೂ ಮೆಟ್ಟಿಲ ಕಡೆ ನೋಡಿದರು. ಬ್ರೋಕರ್ ಫೋನು ಕಿವಿಯಲ್ಲೇ ಇಟ್ಟುಕೊಂಡು ಅಂಗಳಕ್ಕೆ ಇಳಿದ.

"ಅವರು ಟೀಚರ್ ಆಗಿದ್ದರು" ಎಂದೆ. "ಎಪ್ಪತ್ತು ದಾಟಿತ್ತು. ಸ್ವಂತ ಮನೆಯಲ್ಲಿ, ನಿದ್ದೆಯಲ್ಲಿ ಹೋದರು." ಹೇಳುತ್ತಾ ಹೇಳುತ್ತಾ ನನ್ನ ಸ್ವರ ಇಳಿಯಿತು. ಇಷ್ಟು ಅಡುಗೆ ಮಾಡಿ, ಮಗನ ಪಕ್ಕದ ಕುರ್ಚಿ ತುಂಬಿತು ಎಂದುಕೊಂಡವರಿಗೆ ಇದನ್ನು ಹೇಳುವವಳು ನಾನೇ ಆಗಬೇಕಾಯಿತಲ್ಲ ಎಂದು ಬ್ರೋಕರನ್ನು ಇನ್ನಷ್ಟು ದ್ವೇಷಿಸಿದೆ.

ಅವರು ಹರಿವಾಣವನ್ನು ನೆಲಕ್ಕಿಟ್ಟರು. "ಪ್ರಾಯ ಇರಲಿ. ಪ್ರಾಯ ಹೇಗೋ ಮಾಡಬಹುದು. ಅವರಿಗೆ ಮನಸ್ಸಿತ್ತಾ? ಮದುವೆ ಆಗಬೇಕು ಅಂತ?"

"ಇರಲಿಲ್ಲ. ಬಂದವರಿಗೆಲ್ಲ ಬೇಡ ಅಂದಿದ್ದರು."

ಆ ತಾಯಿ ಎರಡು ಕುರ್ಚಿಗಳನ್ನು ಸ್ವಲ್ಪ ಹೊತ್ತು ನೋಡಿದರು. "ಮನಸ್ಸಿಲ್ಲದವರನ್ನು ತಂದು ಪಕ್ಕದಲ್ಲಿ ಕೂರಿಸಿದರೆ ನನ್ನ ಮಗ ಎಂತ ಮಾಡುದು?" ಎಂದರು. "ಅವನು ಸಣ್ಣವನು."

ಅಜೆಕಾರಿನ ಹೆಂಗಸು ಆಗ ಬಾಯಿ ಹಾಕಿದರು. ಇಷ್ಟು ದೂರ ಬಂದಾಗಿದೆ, ಪ್ರಶ್ನೆಯಲ್ಲಿ ಬಂದದ್ದು ಸುಳ್ಳಾಗುವುದಿಲ್ಲ, ಮುಹೂರ್ತ ಮೀರುತ್ತದೆ ಎಂದೆಲ್ಲ. ಹುಡುಗನ ತಾಯಿ ಅವರ ಕಡೆ ತಿರುಗಿದರು.

"ನೀವು ಯಾರ ಕಡೆಯವರು?"

"ನಾವು ಮನೆ ತಗೊಳ್ಳುವವರು."

"ಮನೆ ನಿಮಗೆ ಬೇಕಾದದ್ದು. ಅದಕ್ಕೆ ನನ್ನ ಮಗ ಎಂತಕ್ಕೆ?"

ಅವರು ಹಸಿರು ಸೀರೆಯನ್ನು ತಾವೇ ಎತ್ತಿ, ಮಡಿಕೆ ಹಾಳಾಗದ ಹಾಗೆ ಮಡಚಿ, ಎದೆಗೆ ಒತ್ತಿಕೊಂಡು ಒಳಗೆ ಹೋದರು. ಬಾಗಿಲಿನಲ್ಲಿ ತಿರುಗಿ, ಊಟ ಮಾಡಿ ಹೋಗಿ ಎಂದರು. ಅಂಥ ಸಿಟ್ಟಿನಲ್ಲಿ ಬಂದವಳು ನಾನು ಎಲೆಯ ಮುಂದೆ ಕೂತು ಉಂಡೆ. ಅಣ್ಣ ಇನ್ನೊಂದು ಸಾಲಿನಲ್ಲಿ ಕೂತು ಉಂಡ. ಬೇರೆ ಬೇರೆ ಬಸ್ಸಿನಲ್ಲಿ ವಾಪಸಾದೆವು.

ಅಜೆಕಾರಿನವರು ಹಿಂದೆ ಸರಿದರು. ಅಡ್ವಾನ್ಸ್ ಹಿಂದೆ ಕೊಡಬೇಕಾದ್ದೇ ಇಲ್ಲ ಎಂದು ಲಾಯರು ಹೇಳಿದರೂ ಪೂರ್ತಿ ಕೊಟ್ಟೆ. ಅವರದ್ದೊಂದು ಕಾಸೂ ಆ ಮನೆಯಲ್ಲಿ ಉಳಿಯುವುದು ನನಗೆ ಬೇಡವಾಗಿತ್ತು. ನೀವು ಹಾಗೆ ಮಾಡಬೇಡಿ. ಪ್ರಶ್ನೆ, ವಾಸ್ತು, ಕನಸು, ಶಕುನ ಯಾವ ಕಾರಣಕ್ಕೆ ಕೊಳ್ಳುವವರು ಹಿಂದೆ ಸರಿದರೂ ಅಡ್ವಾನ್ಸ್ ಹೋಯಿತು ಎಂದು ಕರಾರಿನಲ್ಲೇ ಬರೆಸಿ. ಇಲ್ಲವಾದರೆ ಪ್ರಶ್ನೆ ಮೊದಲು ಇಡಿಸಿ ಆಮೇಲೆ ಬನ್ನಿ ಎಂದು ಗೇಟಿನಲ್ಲೇ ಹೇಳಿ. ಬ್ರೋಕರ್ ಓಡಾಟದ ಖರ್ಚು ಕೇಳಲು ಬಂದಿದ್ದ. ಹೆಬ್ರಿಗೆ ಹೋಗಿ ಆ ತಾಯಿಯ ಹತ್ತಿರ ಕೇಳು ಎಂದೆ. ಆಮೇಲೆ ಬರಲಿಲ್ಲ.

ಚೌತಿ ಕಳೆದ ಮೇಲೆ ಗೇಟಿಗೆ ನಾನೇ ಒಂದು ಬೋರ್ಡು ಬರೆದು ತೂಗುಹಾಕಿದೆ. ಕಾಪುವಿನಲ್ಲಿ ಬೇಕರಿ ಇಟ್ಟುಕೊಂಡ ಕೊಂಕಣಿ ಮಾತಾಡುವ ದಂಪತಿ ಬಂದರು. ಏಪ್ರಿಲಿನಲ್ಲಿ ಬಾವಿಯ ನೀರು ಎಲ್ಲಿಗೆ ಇಳಿಯುತ್ತದೆ, ಗದ್ದೆಯ ನೀರು ಅಂಗಳಕ್ಕೆ ಬರುತ್ತದೆಯೇ, ಹಂಚು ಯಾವಾಗ ಬದಲಾಯಿಸಿದ್ದು ಎಂದು ಕೇಳಿದರು. ಮನೆ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಇವು. ಅವರು ಕೇಳುವ ಮೊದಲೇ ನಾನು ಜಗಳಕ್ಕೆ ನಿಂತವಳ ಹಾಗೆ ಹೇಳಿಬಿಟ್ಟೆ: ಇಲ್ಲಿ ನನ್ನ ಚಿಕ್ಕಮ್ಮ ಒಬ್ಬರೇ ಇದ್ದರು, ಮದುವೆ ಆಗಿರಲಿಲ್ಲ, ಇದೇ ಕೋಣೆಯಲ್ಲಿ ತೀರಿಕೊಂಡರು, ಬೇಡವಾದರೆ ಈಗಲೇ ಹೇಳಿ. ಆ ಹೆಂಗಸು ಗಂಡನ ಮುಖ ನೋಡಿ, "ಒಬ್ಬರೇ ಇಷ್ಟು ವರ್ಷ ಹೆದರದೆ ಇದ್ದದ್ದಾದರೆ ಮನೆ ಒಳ್ಳೇದು ಉಂಟಲ್ವಾ" ಎಂದರು. ದರದಲ್ಲಿ ಹೆಚ್ಚು ಎಳೆದಾಡಲಿಲ್ಲ. ಕಾಫಿ ಕೊಡದೆ ಕಳಿಸಿದೆ.

ರಿಜಿಸ್ಟ್ರೇಷನ್ನಿಗೆ ನನ್ನ ಕಡೆಯಿಂದ ಸಾಕ್ಷಿ ಬೇಕಿತ್ತು. ಹೆಬ್ರಿಯ ನಂತರ ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದ. ಆದರೂ ಫೋನು ಮಾಡಿದೆ. ಎಷ್ಟು ಗಂಟೆಗೆ ಎಂದಷ್ಟೇ ಕೇಳಿ, ಅಂಗಡಿಗೆ ಬೀಗ ಹಾಕಿ ಬಂದ. ಹೆಬ್ಬೆಟ್ಟು, ಫೋಟೋ, ಸಹಿ ಎಲ್ಲ ಆಗಿ ಬೀಗದ ಕೈ ಬೇಕರಿಯವರ ಹೆಂಡತಿಯ ಕೈಗೆ ಹೋಯಿತು. ನಾವಿಬ್ಬರೂ ಆಫೀಸಿನ ಎದುರಿನ ಹೋಟೆಲಿನಲ್ಲಿ ಬನ್ಸ್ ತಿನ್ನಲು ಕೂತೆವು. ಅಣ್ಣ ಬನ್ಸನ್ನು ಹರಿದ, ತಿನ್ನಲಿಲ್ಲ.

"ಇನ್ನು ಫ್ಲ್ಯಾಟ್ ನಿನ್ನದಾಯ್ತು" ಎಂದ.

"ಹೌದು."

"ನಾಳೆ ನಿನ್ನ ನಂತರ ಅದನ್ನೂ ಯಾರೋ ಮಾರ್ತಾರೆ. ತಗೊಳ್ಳುವವರು ಕೇಳ್ತಾರೆ, ಇಲ್ಲಿ ಯಾರಿದ್ದದ್ದು ಅಂತ."

"ಕೇಳಲಿ."

"ಪ್ರಶ್ನೆ ಇಡಿಸ್ತಾರೆ. ಗಂಡು ಹುಡುಕ್ತಾರೆ." ಅವನು ನನ್ನ ಕಡೆ ನೋಡುತ್ತಿರಲಿಲ್ಲ. "ಚಿಕ್ಕಮ್ಮನಿಗೆ ನೀನು ಇದ್ದಿ. ಬಸ್ಸು ಹತ್ತಿ ಬಂದು ಬೇಡ ಅಂದಿ. ನಿನಗೆ ಯಾರು ಬರುದು?"

ನಾನು ಇಷ್ಟು ದಿನ ಹೊಡೆದಾಡಿದ್ದು ಚಿಕ್ಕಮ್ಮನಿಗಾಗಿ ಎಂದೇ ತಿಳಿದಿದ್ದೆ.

"ನೀನು ಬರುದಿಲ್ವಾ?" ಎಂದೆ ಕೊನೆಗೆ.

"ಬರ್ತೇನೆ. ಈಗ ನನಗೂ ಗೊತ್ತಾಗಿದೆ. ಎಲ್ಲಿ ಬೇಕಾದರೂ ಬಂದು ಹೇಳ್ತೇನೆ" ಎಂದ ಅಣ್ಣ. ಅವನ ಕಣ್ಣು ತುಂಬಿತ್ತು. "ಆದರೆ ನಾನು ನಿನಗಿಂತ ದೊಡ್ಡವನು ಅಲ್ವಾ."

ಅದಕ್ಕೇ ಇದನ್ನು ಬರೆದೆ. ಮನೆ ಮಾರುವ ಸಲಹೆ ಹೇಳಲು ನನಗೆ ಅಷ್ಟೇನೂ ಉಮೇದಿಲ್ಲ, ನೀವು ಹೇಗೆ ಬೇಕಾದರೂ ಮಾರಿ, ಹೇಗೆ ಬೇಕಾದರೂ ಕೊಳ್ಳಿ. ಮಣಿಪಾಲದ ಒಂದು ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದ ಲ್ಯಾಬಿನ ಹೆಂಗಸಿಗೆ ಯಾವುದಾದರೂ ಆಟಿಯಲ್ಲಿ ಗಂಡು ನೋಡಿದ್ದಾರೆ ಎಂದು ನಿಮ್ಮ ಕಿವಿಗೆ ಬಿದ್ದರೆ, ಇದನ್ನು ಓದಿದವರು ಯಾರಾದರೂ ಒಬ್ಬರು ಅಲ್ಲಿಗೆ ಹೋಗಿ, ಊಟಕ್ಕೆ ಕೂರುವ ಮೊದಲು ಎದ್ದು ನಿಂತು, ಅವಳಿಗೆ ಇಷ್ಟವಿರಲಿಲ್ಲ ಎಂದು ಹೇಳಿ.